ಐದು ಗಂಟೆಯ ದಾರಿಗೆ ನಾಲ್ಕು ದಿನ

ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ಐದು ಗಂಟೆಯಲ್ಲಿ ತಲುಪಬಹುದು. ಕಳೆದ ಜನವರಿಯಲ್ಲಿ ನಾನೂ ಅಮ್ಮನೂ ಅದೇ ದಾರಿಗೆ ನಾಲ್ಕು ದಿನ ತೆಗೆದುಕೊಂಡೆವು. ಇನ್ನೂ ಎರಡು ದಿನ ಇರಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಹೊರಡುವ ಹಿಂದಿನ ರಾತ್ರಿ ಅಮ್ಮ ಒಂದೇ ಒಂದು ಕರಾರು ಹಾಕಿದಳು. "ದೇವಸ್ಥಾನ ಒಂದೆರಡು ತಪ್ಪಿದರೂ ಅಡ್ಡಿಯಿಲ್ಲ ಮಗಳೇ, ಹೊಳೆ ಬಂದಲ್ಲಿ ಮಾತ್ರ ಕಾರು ನಿಲ್ಲಿಸು." ಮುಲ್ಕಿಯ ಶಾಂಭವಿ ತೀರದಲ್ಲಿ ಹುಟ್ಟಿ ಬೆಳೆದವಳು ಅವಳು. ಆ ಮಾತಿಗೆ ಆಗ ಸುಮ್ಮನೆ ತಲೆಯಾಡಿಸಿದ್ದೆ. ಅದರ ಬೆಲೆ ಗೊತ್ತಾದದ್ದು ದಾರಿಯಲ್ಲಿ.

ಹೆದ್ದಾರಿ 66 ಎಂದರೆ ಎಲ್ಲರಿಗೂ ಸಮುದ್ರದ ರಸ್ತೆ. ನಿಜ ಹೇಳಬೇಕೆಂದರೆ ಈ ರಸ್ತೆಯಲ್ಲಿ ಸಮುದ್ರ ಕಾಣುವುದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಕಾಣುತ್ತಲೇ ಇರುವುದು ಹೊಳೆ. ಕೂಳೂರಿನಲ್ಲಿ ಫಲ್ಗುಣಿ, ಮುಲ್ಕಿಯಲ್ಲಿ ಶಾಂಭವಿ, ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ, ಕುಂದಾಪುರ ದಾಟಿದರೆ ಒಂದರ ಹಿಂದೆ ಒಂದು ಸೇತುವೆ, ಹೊನ್ನಾವರದಲ್ಲಿ ಶರಾವತಿ, ಆಮೇಲೆ ಅಘನಾಶಿನಿ, ಗಂಗಾವಳಿ, ಕೊನೆಗೆ ಕಾಳಿ. ಘಟ್ಟದ ಸಿಹಿನೀರು ಕಡಲಿನ ಉಪ್ಪುನೀರಿಗೆ ಸೇರುವ ಅಳಿವೆಗಳಲ್ಲೇ ಈ ಕರಾವಳಿಯ ಊಟ ಹುಟ್ಟುತ್ತದೆ. ಒಂದೊಂದು ಹೊಳೆ ದಾಟಿದಾಗಲೂ ಬಡಿಸುವವರ ಮಾತು ಬದಲಾಗುತ್ತದೆ, ಮೀನಿನ ಹೆಸರು ಬದಲಾಗುತ್ತದೆ, ಸಾರಿಗೆ ಬೀಳುವ ಹುಳಿಯೂ ಬದಲಾಗುತ್ತದೆ. ಐದು ಗಂಟೆಯಲ್ಲಿ ಗೋವಾ ಗಡಿ ಮುಟ್ಟುವವರಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ ಎಂಬುದೇ ನನಗಿರುವ ಸಂಕಟ.

ಪುನರ್ಪುಳಿಯನ್ನೇ ತೆಗೆದುಕೊಳ್ಳಿ. ಮೊದಲ ದಿನ ಪಡುಬಿದ್ರಿಯ ಹತ್ತಿರ ಕುಡಿದದ್ದು ಪುನರ್ಪುಳಿ ಶರಬತ್ತು, ಕಡುಗೆಂಪು, ಸಿಹಿ ಮುಂದು. ಕುಮಟಾದಲ್ಲಿ ಅದೇ ಹಣ್ಣನ್ನು ಕೇಳಿದರೆ ಮುರುಗಲು ಎಂದರು. ಕಾರವಾರದಲ್ಲಿ ಅದು ತೆಂಗಿನ ಹಾಲು ಸೇರಿ, ತೆಳು ಗುಲಾಬಿ ಬಣ್ಣದ ಸೋಲ್ ಕಡಿಯಾಗಿ ಊಟದ ಜೊತೆ ಬಂತು. ಮರ ಒಂದೇ, ಹಣ್ಣು ಒಂದೇ. ಇಷ್ಟನ್ನು ತಿಳಿಯಲು ಯಾವ ಮಾರ್ಗದರ್ಶಿಯೂ ಬೇಕಾಗಿಲ್ಲ, ಬಾಯಾರಿದಾಗ ನಿಂತರೆ ಸಾಕು.

ಉಡುಪಿಯ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾವು ಗೋಳಿಬಜೆ ತಿಂದು, ಅಮ್ಮ ಶಂಕರಪುರ ಮಲ್ಲಿಗೆ ಮುಡಿದು, ಹೊರಟೆವು. ಕುಂದಾಪುರದಲ್ಲಿ ಮಧ್ಯಾಹ್ನ ಕೋಳಿ ಸುಕ್ಕ, ನೀರುದೋಸೆ. ಬಡಿಸಿದವರ ಬಾಯಲ್ಲಿ "ಹೋಪ, ಬಪ್ಪ" ಕೇಳಿ ಅಮ್ಮನಿಗೆ ಹಿಗ್ಗೋ ಹಿಗ್ಗು. ತುಳುವಿನ ನಾಡು ಹಿಂದೆ ಉಳಿಯಿತು, ಕುಂದಗನ್ನಡದ ನಾಡಿಗೆ ಬಂದೆವು ಎಂದು ನನಗೆ ತಿಳಿದದ್ದು ಆ ಎರಡು ಪದಗಳಿಂದ.

ಮರವಂತೆಯಲ್ಲಿ ಎಲ್ಲರೂ ನಿಲ್ಲುತ್ತಾರೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ. ಫೋಟೋ ತೆಗೆದು ಹೋಗುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಕೊಡಚಾದ್ರಿಯ ಮಗ್ಗುಲಿನಿಂದ ಅಷ್ಟು ದೂರ ಹರಿದು ಬಂದ ಹೊಳೆ, ಕಡಲು ಕೂಗಳತೆಯಲ್ಲಿರುವಾಗ ಅದನ್ನು ಸೇರದೆ ತಿರುಗಿಬಿಡುತ್ತದೆ. ಮತ್ತೆ ದಕ್ಷಿಣಕ್ಕೆ ಹರಿದು, ಗಂಗೊಳ್ಳಿಯಲ್ಲಿ ಉಳಿದ ನಾಲ್ಕು ಹೊಳೆಗಳ ಜೊತೆಯಾಗಿ ಪಂಚಗಂಗಾವಳಿಯಾಗಿ ಸಮುದ್ರ ಸೇರುತ್ತದೆ. ನಾವು ಹೊಳೆಯ ಕಡೆ ಮುಖ ಮಾಡಿ ಒಂದು ಗಂಟೆ ಕುಳಿತೆವು. ಬೆನ್ನ ಹಿಂದೆ ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳ ಮೇಲೆ ಅಲೆ ಬಡಿಯುವ ಸದ್ದು. ಮುಂದೆ, ಒಂದು ಅಲೆಯೂ ಇಲ್ಲದ ನೀರಿನಲ್ಲಿ ತೆಂಗಿನ ನೆರಳು, ಒಂದು ದೋಣಿ.

ಭಟ್ಕಳದಲ್ಲಿ ರಾತ್ರಿ ತಂಗಿದೆವು. ಬೆಳಿಗ್ಗೆ ಭಟ್ಕಳ ಮಲ್ಲಿಗೆಯನ್ನೂ ಕೊಂಡು, ಹಿಂದಿನ ದಿನದ ಒಣಗಿದ ಮಾಲೆಯ ಪಕ್ಕದಲ್ಲಿಟ್ಟು, ಎರಡರ ಮೊಗ್ಗನ್ನು ಅಮ್ಮ ಬಹಳ ಹೊತ್ತು ನೋಡಿದಳು. ಇಲ್ಲಿನ ಮುಸ್ಲಿಂ ಸಮುದಾಯವಾದ ನವಾಯತರ ಅಡುಗೆಯಲ್ಲಿ ಶ್ಯಾವಿಗೆಯ ಬಿರಿಯಾನಿಯೇ ಬೇರೆ ರುಚಿ. ಅಕ್ಕಿಯ ಬಿರಿಯಾನಿ ಎಲ್ಲಿಯೂ ಸಿಗುತ್ತದೆ, ಇಲ್ಲಿಗೆ ಬಂದವರು ಇದನ್ನು ಕೇಳಿ ತಿನ್ನಬೇಕು. ಮುರ್ಡೇಶ್ವರವನ್ನು ಹೊರಗಿನಿಂದಲೇ ಕೈಮುಗಿದು ಮುಂದೆ ಹೋದೆವು.

ನನ್ನ ಮನಸ್ಸು ಇನ್ನೂ ನಿಂತಿರುವುದು ಅಘನಾಶಿನಿಯಲ್ಲಿ. ಅಣೆಕಟ್ಟಿನ ಕಟ್ಟಿಲ್ಲದೆ ಇಂದಿಗೂ ಹರಿಯುತ್ತಿರುವ ಹೊಳೆ ಅದು. 2024ರಲ್ಲಿ ಅದರ ಅಳಿವೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿಗೆ ನಾವು ದಡದಲ್ಲಿದ್ದೆವು. ನೀರು ಸರಿದ ಕಡೆ ಹೆಂಗಸರು, ಗಂಡಸರು ಕೆಸರಿಗೆ ಬಾಗಿ ಬಳಚು ಆಯುತ್ತಿದ್ದರು. ಅಮ್ಮ ಚಪ್ಪಲಿ ಕಳಚಿ ನೇರ ಕೆಸರಿಗೆ ಇಳಿದಳು. ಬುಟ್ಟಿಯಿಂದ ಒಂದನ್ನು ಎತ್ತಿ ಬೆರಳಿನಿಂದ ಕೆಸರು ಒರೆಸಿದಳು. ಹೆಬ್ಬೆಟ್ಟಿನಷ್ಟು ಅಗಲದ ಚಿಪ್ಪು, ಬೆನ್ನ ಮೇಲೆ ಉಗುರಿಗೆ ತಾಗುವಂಥ ಗೀರುಗಳು, ಎರಡು ಹೋಳು ಬಿಗಿಯಾಗಿ ಮುಚ್ಚಿಕೊಂಡಿದ್ದವು. "ಇದು ನಮ್ಮ ಮರುವಾಯಿ" ಎಂದಳು. ಬುಟ್ಟಿಯ ಒಡತಿ ನಕ್ಕು, "ಇಲ್ಲಿ ಬಳಚು ಅಮ್ಮಾ" ಎಂದರು. ನೀವು ಹೇಗೆ ಮಾಡುತ್ತೀರಿ, ನಾವು ಹೇಗೆ ಮಾಡುತ್ತೇವೆ ಎಂಬ ಮಾತು ಅಲ್ಲಿಂದ ಶುರುವಾಯಿತು. ಮರುವಾಯಿಯ ಗಸಿಗೆ ಪುಟ್ಟ ಪುಟ್ಟ ಅಕ್ಕಿ ಪುಂಡಿ ಹಾಕಿ ಕುದಿಸುವ ಕ್ರಮವನ್ನು ಅಮ್ಮ ಕೈಯಲ್ಲೇ ಉಂಡೆ ಕಟ್ಟಿ ತೋರಿಸಿದಳು. ಭರತ ಏರುವವರೆಗೂ ಇಬ್ಬರೂ ಮಾತು ನಿಲ್ಲಿಸಲಿಲ್ಲ.

ಇದೇ ಅಳಿವೆಯ ಗಜನಿ, ಅಂದರೆ ಉಪ್ಪುನೀರು ಬಂದುಹೋಗುವ ತಗ್ಗು ಗದ್ದೆಗಳಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ತಳಿ, ಮಾಣಿಕಟ್ಟೆಯ ರೈತರು ಇನ್ನೂ ಕಾಪಾಡಿಕೊಂಡು ಬಂದಿದ್ದಾರೆ. ಹತ್ತಿರದಲ್ಲೇ ಸಾಣಿಕಟ್ಟೆಯ ಉಪ್ಪಿನಾಗರ. ಅಕ್ಕಿ, ಉಪ್ಪು, ಬಳಚು, ಮೂರನ್ನೂ ಒಂದೇ ಹೊಳೆ ಕೊಡುತ್ತದೆ. ಇದನ್ನೆಲ್ಲ ಬಿಟ್ಟು ನೇರ ಗೋಕರ್ಣದ ಓಂ ಬೀಚಿಗೆ ಓಡುವವರನ್ನು ಕಂಡಾಗ ಕೈ ಹಿಡಿದು ನಿಲ್ಲಿಸೋಣ ಎನಿಸುತ್ತದೆ.

ಅಂಕೋಲೆಗೆ ಮೊದಲು ಶಿರೂರು ಬರುತ್ತದೆ. ಅಲ್ಲಿಯೂ ನಿಂತೆವು. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ಮುಚ್ಚಿ ಗಂಗಾವಳಿಗೆ ಬಿತ್ತು. ರಸ್ತೆಬದಿಯಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು. ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಅಂದು ಹೊಳೆಗೆ ಬಿದ್ದ ಲಾರಿಯೊಂದು ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ರಸ್ತೆ ಅಗಲಿಸಲು ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದರೆ ಮಳೆಗಾಲದಲ್ಲಿ ಏನಾಗುತ್ತದೆ ಎಂದು ಘಟ್ಟದ ಕೆಳಗಿನ ಯಾವ ಕೃಷಿಕನನ್ನು ಕೇಳಿದ್ದರೂ ಹೇಳುತ್ತಿದ್ದ. ನಾನು ರಸ್ತೆಯ ವಿರೋಧಿಯಲ್ಲ. ಈ ರಸ್ತೆ ಇದ್ದುದರಿಂದಲೇ ಅರುವತ್ತೆಂಟರ ಅಮ್ಮನನ್ನು ಇಷ್ಟು ದೂರ ಕರೆದುಕೊಂಡು ಬಂದೆ. ಆದರೆ ಅರ್ಧ ಗಂಟೆ ಉಳಿಸುವುದಕ್ಕಾಗಿ ಗುಡ್ಡವನ್ನು ಹೀಗೆ ನಿಲ್ಲಿಸಿ ಸೀಳುವುದನ್ನು ನನ್ನಿಂದ ಒಪ್ಪಲಾಗುವುದಿಲ್ಲ. ಹೆದ್ದಾರಿಯ ಚಹಾ ಅಂಗಡಿ ಎಂದರೆ ಲಾರಿಯವರು ಕಣ್ಣು ಬಿಡಿಸಿಕೊಳ್ಳುವ, ನಮ್ಮಂಥವರು ದಾರಿ ಕೇಳುವ ಜಾಗ. ಅಲ್ಲಿ ನಿಂತದ್ದೇ ಜೀವಕ್ಕೆ ಎರವಾಯಿತು ಎನ್ನುವುದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಅಮ್ಮ ಮುಡಿಯಿಂದ ಭಟ್ಕಳದ ಮಲ್ಲಿಗೆ ಬಿಡಿಸಿ ಹೊಳೆಗೆ ಬಿಟ್ಟಳು. ಅಂಕೋಲೆಯವರೆಗೆ ಇಬ್ಬರೂ ಮಾತಾಡಲಿಲ್ಲ.

ಕಾರವಾರ ತಲುಪಿದಾಗ ನಾಲ್ಕನೆಯ ದಿನದ ಮಧ್ಯಾಹ್ನ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದದ್ದು ನಿಮಗೆ ನೆನಪಿರಬಹುದು. ಅದರ ಪಕ್ಕದ ಹೊಸ ಸೇತುವೆಯ ಮೇಲೆ ನಿಧಾನವಾಗಿ ಆಚೆಗೆ ಹೋಗಿ, ಸದಾಶಿವಗಡದ ಗುಡ್ಡ ನೋಡಿ, ಮರಳಿ ಈಚೆ ಬಂದು ಸಣ್ಣ ಖಾನಾವಳಿಯೊಂದರಲ್ಲಿ ಊಟಕ್ಕೆ ಕುಳಿತೆವು. ತಟ್ಟೆಯಲ್ಲಿ ಅನ್ನ, ಸೋಲ್ ಕಡಿ, ತೆಂಗಿನ ತುರಿಯಲ್ಲಿ ಬಾಡಿಸಿದ ಚಿಪ್ಪಿನ ಪಲ್ಯ.

"ಇದಕ್ಕೆ ಇಲ್ಲಿ ಏನು ಹೇಳುತ್ತೀರಿ?" ಅಮ್ಮ ಕೇಳಿದಳು.

"ತಿಸ್ರೆ" ಎಂದರು ಬಡಿಸುತ್ತಿದ್ದವರು.

ಅಮ್ಮ ಒಂದು ಚಿಪ್ಪನ್ನು ಕೈಗೆತ್ತಿಕೊಂಡು, ಮರುವಾಯಿ, ಬಳಚು, ತಿಸ್ರೆ ಎಂದು ಮೂರು ಬೆರಳು ಮಡಚಿದಳು. ಆಮೇಲೆ ಇನ್ನೊಂದು ತಟ್ಟೆ ತರಿಸಿದಳು.