ಎಲ್ಲರೂ ಪದಾಧಿಕಾರಿಗಳೇ, ಕುರ್ಚಿ ಹಾಕುವವರು ಯಾರು?

ತಾಲ್ಲೂಕು ಸಿವಿಲ್ ಎಂಜಿನಿಯರುಗಳ ಸಂಘಕ್ಕೆ ಹೊಸ ಪದಾಧಿಕಾರಿಗಳು ‘ಅವಿರೋಧವಾಗಿ’ ಆಯ್ಕೆಯಾದ ಸುದ್ದಿಯನ್ನು ನೀವೂ ನೋಡಿರುತ್ತೀರಿ. ಯಾವ ತಾಲ್ಲೂಕು ಅಂತ ಕೇಳಬೇಡಿ, ನಿಮ್ಮದೇ ಇರಬಹುದು. ಫೋಟೋದಲ್ಲಿ ಹನ್ನೊಂದು ಜನ. ಅಧ್ಯಕ್ಷ, ಗೌರವಾಧ್ಯಕ್ಷ, ಕಾರ್ಯಾಧ್ಯಕ್ಷ, ಇಬ್ಬರು ಉಪಾಧ್ಯಕ್ಷರು, ಮೂರು ಬಗೆಯ ಕಾರ್ಯದರ್ಶಿಗಳು, ಖಜಾಂಚಿ, ಕಾನೂನು ಸಲಹೆಗಾರ, ಮಾಧ್ಯಮ ವಕ್ತಾರ. ಈ ವರ್ಷ ಚಂದಾ ಕಟ್ಟಿದವರೂ ಹನ್ನೊಂದೇ ಜನ. ಪಾಪ, ವಿರೋಧ ಮಾಡಲು ಯಾರು ಉಳಿದಿದ್ದರು?

ಕಾನೂನಿನ ತಪ್ಪೇನೂ ಇಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಸಂಘ ಕಟ್ಟಲು ಏಳು ಜನ ಸಾಕು. ಆ ಏಳು ಜನ ಒಬ್ಬರ ಮುಖ ಒಬ್ಬರು ನೋಡಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ಸರ್ವ ಸದಸ್ಯರ ಸಭೆಯ ನೋಟಿಸನ್ನು ಯಾವತ್ತಾದರೂ ಪೂರ್ತಿ ಓದಿದ್ದೀರಾ? ಕೊನೆ ಸಾಲು ನೋಡಿ (ಕೋರಂ ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ): ‘ಕೋರಂ ಇಲ್ಲದಿದ್ದಲ್ಲಿ ಸಭೆಯನ್ನು ಅರ್ಧ ಗಂಟೆ ಮುಂದೂಡಿ ಅದೇ ಸ್ಥಳದಲ್ಲಿ ನಡೆಸಲಾಗುವುದು, ಆಗ ಕೋರಂ ಅಗತ್ಯವಿರುವುದಿಲ್ಲ.’ ಎಂಥಾ ದೂರದೃಷ್ಟಿ! ಯಾರೂ ಬರುವುದಿಲ್ಲ ಅಂತ ಮೊದಲೇ ಅಚ್ಚು ಹಾಕಿಸಿಬಿಡುತ್ತಾರೆ. ಆ ಅರ್ಧ ಗಂಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತ್, ಕಾಫಿ. ಆಮೇಲೆ ನಾಲ್ಕು ಜನ ಕೂತು ‘ಸಭೆ ಸರ್ವಾನುಮತದಿಂದ ಅಂಗೀಕರಿಸಿತು’ ಅಂತ ಬರೆಯುತ್ತಾರೆ.

ಸೆಪ್ಟೆಂಬರ್ 15 ಬಂದರೆ ಮಾತ್ರ ಸಂಘಕ್ಕೆ ಜೀವ ಬರುತ್ತದೆ. ಎಂಜಿನಿಯರುಗಳ ದಿನಾಚರಣೆ ಅಲ್ವಾ! ಫ್ಲೆಕ್ಸ್‌ನಲ್ಲಿ ಹನ್ನೊಂದೂ ಮುಖ, ಶಾಸಕರ ಮುಖ, ಫ್ಲೆಕ್ಸ್‌ಗೆ ದುಡ್ಡು ಕೊಟ್ಟ ಸಿಮೆಂಟ್ ಡೀಲರ್ ಮುಖ. ವಿಶ್ವೇಶ್ವರಯ್ಯನವರು ಮೂಲೆಯಲ್ಲಿ, ಸ್ಟ್ಯಾಂಪ್ ಸೈಜಿನಲ್ಲಿ. ಮೈಸೂರು ಪೇಟ ಇರುವುದರಿಂದ ಗುರುತು ಸಿಗುತ್ತದೆ. ಹತ್ತು ಗಂಟೆಯ ಕಾರ್ಯಕ್ರಮ ಹನ್ನೆರಡೂವರೆಗೆ ಶುರುವಾಗುತ್ತದೆ. ಭಾಷಣದ ವಿಷಯ, ಸರ್ ಎಂ.ವಿ. ಅವರ ಸಮಯಪ್ರಜ್ಞೆ.

ಆ ಮನುಷ್ಯ 1912ರಲ್ಲಿ ದಿವಾನರಾದವರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ. ಅವರ ಕಾಲದಲ್ಲಿ ವರ್ಷಕ್ಕೊಂದು ಸಂಸ್ಥೆ ಹುಟ್ಟುತ್ತಿತ್ತು. ಈಗ ವರ್ಷಕ್ಕೊಂದು ಹುದ್ದೆ ಹುಟ್ಟುತ್ತದೆ. ಹಾಗಂತ ನಮ್ಮವರನ್ನೇ ಬೈದರೆ ಹೇಗೆ? ಎಂ.ವಿ. ಕಾಲದ ಬ್ಯಾಂಕೇ 2017ರಲ್ಲಿ ಸ್ಟೇಟ್ ಬ್ಯಾಂಕಿನ ಹೊಟ್ಟೆ ಸೇರಿತು. ಇನ್ನು ತಾಲ್ಲೂಕು ಸಂಘ ಯಾವ ಲೆಕ್ಕ.

ಸನ್ಮಾನದ ಬಗ್ಗೆ ಹೇಳಲೇಬೇಕು. ಈ ವರ್ಷದ ಅಧ್ಯಕ್ಷರು ಹಿಂದಿನ ಅಧ್ಯಕ್ಷರಿಗೆ ಶಾಲು ಹೊದಿಸುತ್ತಾರೆ. ಹಿಂದಿನವರು ಈಗಿನವರಿಗೆ ಹಾರ ಹಾಕುತ್ತಾರೆ. ಹಣ್ಣಿನ ಬುಟ್ಟಿಯ ಪ್ಲಾಸ್ಟಿಕ್ ಹಾಳೆ ಬಿಚ್ಚುವುದೇ ಇಲ್ಲ, ಸಂಜೆ ಶಾಸಕರ ಪಿಎಗೆ ಅದೇ ಬುಟ್ಟಿ. ಹಿಂದಿನ ಸಾಲಿನಲ್ಲಿ ಡಿಪ್ಲೊಮಾ ಹುಡುಗರು, ಚಪ್ಪಾಳೆ ತಟ್ಟಲು ಕರೆಸಿದವರು. ಅದೇ ಪದಾಧಿಕಾರಿಗಳ ಆಫೀಸಿನಲ್ಲಿ ರಾತ್ರಿವರೆಗೆ ಕಂಪ್ಯೂಟರಿನಲ್ಲಿ ಆಟೋಕ್ಯಾಡ್ ನಕ್ಷೆ ತಿಕ್ಕುವವರು. ಅವರಿಗೆ ಕೊಡುವ ಸಂಬಳದಲ್ಲಿ ಒಬ್ಬ ಗಾರೆ ಮೇಸ್ತ್ರಿಯೂ ಸೈಟಿಗೆ ಬರುವುದಿಲ್ಲ. ಯುವಕರು ಸಂಘಕ್ಕೆ ಬರುತ್ತಿಲ್ಲ ಅಂತ ವೇದಿಕೆ ಮೇಲೆ ಕಣ್ಣೀರು ಬೇರೆ. ಯಾಕೆ ಬರಬೇಕು ಸ್ವಾಮಿ? ಸೆಂಟ್ರಿಂಗ್ (ಕಾಂಕ್ರೀಟಿಗೆ ಕೊಡುವ ತಾತ್ಕಾಲಿಕ ಆಸರೆ) ಕುಸಿದು ಕೂಲಿಯವರು ಸತ್ತಾಗ ಈ ಸಂಘ ಒಂದು ಸಾಲಿನ ಹೇಳಿಕೆ ಕೊಟ್ಟಿದೆಯಾ? ಪ್ಲಾನ್‌ನಲ್ಲಿ ಸೆಟ್‌ಬ್ಯಾಕ್ ಅಂತ ಸುತ್ತ ಖಾಲಿ ಜಾಗ ತೋರಿಸಿ ಸೈಟಲ್ಲಿ ಗೋಡೆಗೆ ಗೋಡೆ ಅಂಟಿಸಿದ ಕಟ್ಟಡಗಳಿಗೆ ಸಹಿ ಹಾಕಿದವರು ಯಾರು? ಫೋಟೋ ನೋಡಿ, ಎಡದಿಂದ ಬಲಕ್ಕೆ ಹೆಸರು ಸಮೇತ ಇದ್ದಾರೆ.

ಒಬ್ಬರನ್ನು ಬಿಟ್ಟು. ಪ್ರಧಾನ ಕಾರ್ಯದರ್ಶಿ. ಚಂದಾ ವಸೂಲಿ, ಆಡಿಟ್, ಜಿಲ್ಲಾ ನೋಂದಣಾಧಿಕಾರಿ ಕಚೇರಿಗೆ ಅಲೆದು ಪ್ರತಿ ವರ್ಷದ ಪಟ್ಟಿ ಸಲ್ಲಿಸುವುದು, ಕೊನೆಗೆ ಕುರ್ಚಿ ಹಾಕುವುದೂ ಅವರೇ. ಬಸ್ ಚಾರ್ಜ್ ಕೇಳಿದರೆ ‘ಸೇವಾ ಮನೋಭಾವ ಇರಲಿ’ ಅಂತಾರೆ. ಅವರಿಗೂ ಸಾಕಾಗಿದೆ, ರಾಜೀನಾಮೆ ಕೊಟ್ಟರು. ಪದಾಧಿಕಾರಿಗಳು ತುರ್ತು ಸಭೆ ಸೇರಿ ರಾಜೀನಾಮೆ ತಿರಸ್ಕರಿಸಿದರು. ಆ ಸಭೆಯ ನೋಟಿಸ್ ಟೈಪ್ ಮಾಡಿದ್ದೂ ಅವರೇ.