ನೀರುನಾಯಿ ಕ್ಯಾಮೆರಾ ನೋಡಿದರೆ ಖುಷಿಪಡಬೇಡಿ

ಕಡಲ ನೀರುನಾಯಿ ಫೋಟೋಗಳಲ್ಲಿ ಜಾಸ್ತಿ ಲೈಕ್ ಬೀಳುವುದು ಯಾವುದಕ್ಕೆ ಗೊತ್ತಾ? ತಲೆ ಎತ್ತಿ, ಕಣ್ಣರಳಿಸಿ, ನೇರ ಲೆನ್ಸ್ ನೋಡುವ ಫೋಟೋಗೆ. ಅಂಥದ್ದನ್ನು ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ. ಅದು ಪೋಸ್ ಕೊಡುತ್ತಿಲ್ಲ. ಯಾರೋ ತೀರಾ ಹತ್ತಿರ ಬಂದರು ಅಂತ ಗಾಬರಿಯಾಗಿದೆ. ಇನ್ನೊಂದು ಹೆಜ್ಜೆ ಮುಂದೆ ಹೋದರೆ ಮುಳುಗಿ ಮಾಯವಾಗುತ್ತದೆ.

ಮುಳುಗಿದರೆ ಏನೀಗ ಅಂತೀರಾ? ತಿಮಿಂಗಿಲಕ್ಕೆ, ಸೀಲ್‌ಗೆ ಚರ್ಮದಡಿ ದಪ್ಪ ಕೊಬ್ಬಿರುತ್ತದೆ. ಇದಕ್ಕಿಲ್ಲ. ಇರುವುದು ತುಪ್ಪಳ ಮಾತ್ರ, ಒಂದು ಚದರ ಇಂಚಿಗೆ 10 ಲಕ್ಷದವರೆಗೆ ಕೂದಲು. ಅದರೊಳಗೆ ಸಿಕ್ಕಿಕೊಂಡ ಗಾಳಿಯೇ ಚಳಿಗೆ ಕಂಬಳಿ. ಮೈ ಬಿಸಿ ಉಳಿಸಿಕೊಳ್ಳಲು ದಿನಕ್ಕೆ ತನ್ನ ತೂಕದ ಕಾಲು ಭಾಗದಷ್ಟು ತಿನ್ನಬೇಕು. ಸುಮ್ನೆ ಅಂಗಾತ ತೇಲುತ್ತಿದೆ ಅಂತ ನಮಗೆ ಕಾಣುವ ಹೊತ್ತಲ್ಲಿ ಅದು ಶಕ್ತಿ ಉಳಿಸುತ್ತಿರುತ್ತದೆ. ಗಾಬರಿಯಿಂದ ಮುಳುಗಿದರೆ ಆ ಶಕ್ತಿ ಪೋಲು. ಮರಿಗೆ ಹಾಲೂಡಿಸಿ ಸೊರಗಿದ ತಾಯಿಯನ್ನು ಪದೇ ಪದೇ ಬೆಚ್ಚಿಬೀಳಿಸುವುದು ಕ್ರೌರ್ಯವೇ, ಅಲ್ವಾ?

ಈ ತುಪ್ಪಳಕ್ಕಾಗಿಯೇ ಮನುಷ್ಯರು ಇವನ್ನು ಬೇಟೆಯಾಡಿ ಮುಗಿಸುತ್ತಾ ಬಂದರು. ಆ ಬೇಟೆಗೆ ತಡೆ ಹಾಕಿದ ಒಪ್ಪಂದ ಆದದ್ದು 1911ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಪೂರ್ತಿ ಅಳಿದೇ ಹೋದವು ಅಂದುಕೊಂಡಿದ್ದಾಗ, 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಸುಮಾರು 50 ಕಂಡವು. ಇವತ್ತು ಅಲ್ಲಿರುವ ಸುಮಾರು 3,000 ನೀರುನಾಯಿಗಳು ಆ ಪುಟ್ಟ ಗುಂಪಿನ ಸಂತಾನ.

ಅಲ್ಲಿ ಕನಿಷ್ಠ 60 ಅಡಿ ದೂರ ಇರಿ ಅಂತ ಹೇಳುತ್ತಾರೆ. ಕಯಾಕ್ ಅಂದರೆ ಹುಟ್ಟು ಹಾಕುವ ಕಿರಿದಾದ ದೋಣಿ, ಅದರಲ್ಲಿ ಹೋಗುವವರಿಗೆ ಸುಲಭ ಲೆಕ್ಕ, ಐದು ಕಯಾಕ್‌ನಷ್ಟು ಉದ್ದ. ಅದಕ್ಕೂ ಮೊದಲೇ ತಲೆ ಎತ್ತಿತಾ? ಹಿಂದೆ ಸರಿಯಿರಿ. ನನ್ನ ಪ್ರಕಾರ ಕಯಾಕೇ ಬೇಡ. ಕ್ಯಾಲಿಫೋರ್ನಿಯಾ ಕರಾವಳಿಯ ಮಾಸ್ ಲ್ಯಾಂಡಿಂಗ್, ಮೊರೊ ಬೇ ಊರುಗಳ ಕಡೆ ದಂಡೆಯಿಂದಲೇ ಕಾಣುತ್ತವೆ. ದೂರದ್ದನ್ನು ಹತ್ತಿರ ತೋರಿಸುವ 500 ಅಥವಾ 600 ಎಂಎಂ ಲೆನ್ಸ್ ಹಾಕಿ, ಆದಷ್ಟು ತಗ್ಗಿನಲ್ಲಿ ಕೂತು ಕಾಯಿರಿ.

ಕಾದವರಿಗೆ ಸಿಗುವುದೇ ಬೇರೆ. ಮುಳುಗಿದ್ದು ಚಿಪ್ಪು ಹಿಡಿದು ಮೇಲೆ ಬರುತ್ತದೆ. ಮುಂಗಾಲಿನ ಕಂಕುಳಲ್ಲಿ ಸಡಿಲ ಚರ್ಮದ ಜೇಬಿದೆ, ಕಲ್ಲು ಅಲ್ಲಿಂದ ಆಚೆ ಬರುತ್ತದೆ. ಕಲ್ಲನ್ನು ಎದೆ ಮೇಲಿಟ್ಟು, ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಟಪಟಪ ಕುಟ್ಟುತ್ತದೆ. ಶಟರ್ ವೇಗ 1/2000 ಸೆಕೆಂಡ್ ಇಟ್ಟರೆ ಫೋಟೋದಲ್ಲಿ ಹಾರುವ ಹನಿಯೂ ನಿಲ್ಲುತ್ತದೆ. ತಿನ್ನುತ್ತಾ ತಿನ್ನುತ್ತಾ ಒಮ್ಮೆ ಪೂರ್ತಿ ಉರುಳಿ, ಎದೆ ಮೇಲಿನ ಚೂರುಗಳನ್ನು ತೊಳೆದುಕೊಳ್ಳುತ್ತದೆ. ಇಷ್ಟೆಲ್ಲ ಮಾಡುವಾಗ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಬೇಕಾದ ಫೋಟೋ ಅದು.

ಇನ್ನು ಮೇಲೆ ಫೋಟೋ ಹಾಕುವಾಗ ಯಾವ ಲೆನ್ಸ್, ಎಷ್ಟು ದೂರ, ಎಷ್ಟು ಕ್ರಾಪ್ (ಅಂಚು ಕತ್ತರಿಸಿದ್ದು) ಅಂತ ದಯವಿಟ್ಟು ಬರೆಯಿರಿ. ಅದನ್ನು ಓದಿದವರು ಮುಂದಿನ ಸಲ ಕಯಾಕ್ ನುಗ್ಗಿಸುವ ಬದಲು ಉದ್ದದ ಲೆನ್ಸ್ ಬಾಡಿಗೆಗೆ ತರುತ್ತಾರೆ.