ಹೊಸಬರನ್ನು ಹುಟ್ಟಿಸುವ ಹಳಬರು

ನೆದರ್‌ಲ್ಯಾಂಡ್ಸ್‌ನಲ್ಲಿ ಚುನಾವಣೆ ಮುಗಿದ ಮರುದಿನ ಹಳೇ ಪಕ್ಷಗಳ ನಾಯಕರು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಈ ಮತದಾರನಿಗೆ ಏನಾಯಿತು? ನಿನ್ನೆ ಮೊನ್ನೆ ಬಂದವರ ಹಿಂದೆ ಯಾಕೆ ಓಡಿದ? ಪಾಪ, ಅವರಿಗೆ ನಿಜಕ್ಕೂ ಅರ್ಥವಾಗುವುದಿಲ್ಲ. ಅವರ ಸಾಧನೆಗಳನ್ನು ನಾವೇ ಸ್ವಲ್ಪ ನೆನಪಿಸೋಣ.

ಮಕ್ಕಳನ್ನು ಶಿಶುವಿಹಾರಕ್ಕೆ ಬಿಡಲು ಅಲ್ಲಿ ಸರ್ಕಾರ ಸಹಾಯಧನ ಕೊಡುತ್ತದೆ. ಅರ್ಜಿಯಲ್ಲಿ ಒಂದು ಸಹಿ ತಪ್ಪಿದರೂ ಸಾಕು, ತೆರಿಗೆ ಇಲಾಖೆ ಅಪ್ಪ ಅಮ್ಮಂದಿರನ್ನು ಕಳ್ಳರ ಪಟ್ಟಿಗೆ ಸೇರಿಸಿ ಕೊಟ್ಟಿದ್ದನ್ನೆಲ್ಲ ವಾಪಸ್ ಕೇಳಿತು. ಎರಡು ದೇಶದ ಪೌರತ್ವ ಇದ್ದವರ ಮೇಲಂತೂ ವಿಶೇಷ ಕಣ್ಣು. ಸಾವಿರಾರು ಸಂಸಾರಗಳು ಸಾಲಕ್ಕೆ ಬಿದ್ದವು. 2021ರ ಜನವರಿಯಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಹೊಣೆ ಹೊತ್ತು, ಸೈಕಲ್ ಹತ್ತಿ, ರಾಜನ ಬಳಿ ಹೋಗಿ ರಾಜೀನಾಮೆ ಕೊಟ್ಟರು. ಎರಡೇ ತಿಂಗಳಲ್ಲಿ ಚುನಾವಣೆ. ಗೆದ್ದವರು ರುಟ್ಟೆ! ಸರ್ಕಾರ ರಚಿಸಲು 299 ದಿನ ಹಿಡಿಯಿತು. ಅಷ್ಟು ದಿನ ಕಡೆದು ತೆಗೆದ ಬೆಣ್ಣೆ ಯಾವುದು ಗೊತ್ತಾ? ರಾಜೀನಾಮೆ ಕೊಟ್ಟಿದ್ದ ಅದೇ ನಾಲ್ಕು ಪಕ್ಷಗಳು.

ಆ ಹಗರಣವನ್ನು ಪಟ್ಟು ಬಿಡದೆ ಕೆದಕಿದವರಲ್ಲಿ ಒಬ್ಬರು ಪೀಟರ್ ಓಮ್ಟ್ಸಿಗ್ಟ್. ಅವರೋ ಆಡಳಿತ ಮೈತ್ರಿಕೂಟದ ಸಂಸದರೇ. 2021ರ ಮಾರ್ಚ್ 25ರಂದು, ಸರ್ಕಾರ ರಚನೆಯ ಮಾತುಕತೆ ನಡೆಸುತ್ತಿದ್ದ ಸಚಿವೆಗೆ ಕೊರೊನಾ ಪಾಸಿಟಿವ್ ಬಂತು. ಕಾಗದಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಗೆ ಓಡಿದರು. ಬರೆದ ಮಗ್ಗುಲು ಕ್ಯಾಮೆರಾ ಕಡೆಗಿತ್ತು. ಫೋಟೊ ದೊಡ್ಡದು ಮಾಡಿ ನೋಡಿದರೆ, ಓಮ್ಟ್ಸಿಗ್ಟ್ ಹೆಸರಿನ ಮುಂದೆ 'ಬೇರೆ ಕಡೆ ಹುದ್ದೆ' ಎಂದಿದೆ. ಪ್ರಶ್ನೆ ಕೇಳಿದ್ದಕ್ಕೆ ಎತ್ತಂಗಡಿ!

ತಾನು ಆ ವಿಷಯವನ್ನೇ ಎತ್ತಿಲ್ಲ ಎಂದರು ರುಟ್ಟೆ. ಸಭೆಯ ಟಿಪ್ಪಣಿ ಹೊರಬಿತ್ತು, ಎತ್ತಿದ್ದರು. ನೆನಪು ಕೈಕೊಟ್ಟಿತಂತೆ. ಮರುವರ್ಷ ಅವರ ಎಸ್ಸೆಮ್ಮೆಸ್‌ಗಳನ್ನು ಕೇಳಿದರೆ, ಹಳೇ ನೋಕಿಯಾದಲ್ಲಿ ಜಾಗ ಸಾಲದೆ ಅಳಿಸಿದ್ದೆ ಎಂದರು. ಪಾಪದ ಫೋನು, ಅದಕ್ಕೂ ಮರೆವು.

2023ರಲ್ಲಿ ಓಮ್ಟ್ಸಿಗ್ಟ್ ಸ್ವಂತ ಪಕ್ಷ ಕಟ್ಟಿದರು. ಮೂರೇ ತಿಂಗಳಲ್ಲಿ ಸಂಸತ್ ಚುನಾವಣೆಯಲ್ಲಿ 20 ಸೀಟು. ಮಾಲಿನ್ಯ ತಗ್ಗಿಸಲು ಹಸು ಕಡಿಮೆ ಮಾಡಿ ಎಂದು ಸರ್ಕಾರ ಹೇಳಿದ್ದಕ್ಕೆ ಸಿಟ್ಟಾದ ರೈತರ ಪಕ್ಷ ಅದೇ ವರ್ಷ ಪ್ರಾಂತ್ಯ ಚುನಾವಣೆಯಲ್ಲಿ 12ಕ್ಕೆ 12 ಕಡೆಯೂ ಮೊದಲ ಸ್ಥಾನ ಪಡೆದಿತ್ತು. ಸಂಸತ್ ಚುನಾವಣೆಯಲ್ಲಿ ಎಲ್ಲರನ್ನೂ ಮೀರಿಸಿ 37 ಸೀಟು ಬಾಚಿದ್ದು ವಲಸೆ ವಿರೋಧಿ ನಾಯಕ ಗೀರ್ಟ್ ವಿಲ್ಡರ್ಸ್. 1998ರಿಂದ ಸಂಸತ್ತಿನಲ್ಲೇ ಕೂತಿರುವ ಹೊಸಬ! ಇವರ ಪಕ್ಷದಲ್ಲಿ ಸದಸ್ಯ ಒಬ್ಬನೇ, ಸ್ವತಃ ವಿಲ್ಡರ್ಸ್. ಭಿನ್ನಮತದ ಕಾಟವೇ ಇಲ್ಲ ನೋಡಿ.

ಈ ಮೂವರೂ ರುಟ್ಟೆಯ ಪಕ್ಷದ ಜೊತೆ ಸೇರಿ 2024ರ ಜುಲೈಯಲ್ಲಿ ಸರ್ಕಾರ ಮಾಡಿದರು. ಪ್ರಧಾನಿ ಯಾರು? ಡಿಕ್ ಸ್ಕೂಫ್, ಗುಪ್ತಚರ ಇಲಾಖೆಯ ಮಾಜಿ ಮುಖ್ಯಸ್ಥ. ಚುನಾವಣೆಗೇ ನಿಲ್ಲದವರು. ಹೊಸ ಮುಖ ಬೇಕು ಅಂದಿರಲ್ವಾ, ತಗೊಳ್ಳಿ! ಹನ್ನೊಂದೇ ತಿಂಗಳಿಗೆ, ವಲಸಿಗರ ವಿಷಯದಲ್ಲಿ ಜಗಳ ತೆಗೆದು ವಿಲ್ಡರ್ಸ್ ಎದ್ದು ಹೋದರು. ಸರ್ಕಾರ ಬಿತ್ತು.

2025ರ ಅಕ್ಟೋಬರ್‌ನಲ್ಲಿ ಓಮ್ಟ್ಸಿಗ್ಟ್ ಕಟ್ಟಿದ ಪಕ್ಷ 20ರಿಂದ ಸೊನ್ನೆಗೆ ಇಳಿಯಿತು. ಅಷ್ಟರಲ್ಲಿ ಅವರೇ ರಾಜಕೀಯ ಬಿಟ್ಟಾಗಿತ್ತು. ಈ ಸಲ ಮೊದಲು ಬಂದಿದ್ದು ಡಿ66. ಹಳೇ ವ್ಯವಸ್ಥೆಯನ್ನು ಸ್ಫೋಟಿಸುತ್ತೇವೆ ಎಂದು 1966ರಲ್ಲಿ ಹುಟ್ಟಿದ ಹೊಸ ಪಕ್ಷ.

ಇನ್ನು ಆ ಕಾಗದದಲ್ಲಿದ್ದ ಬೇರೆ ಕಡೆಯ ಹುದ್ದೆ ವ್ಯರ್ಥವಾಗಲಿಲ್ಲ. ಬ್ರಸೆಲ್ಸ್‌ನಲ್ಲಿ, ನೇಟೋ ಮಹಾಕಾರ್ಯದರ್ಶಿ. ರುಟ್ಟೆ ಅವರಿಗೆ ಸಿಕ್ಕಿತು.